ಗುಳಿಗೆಯೂ ಬಿಸಿಲೂ

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನ ಸುತ್ತ ಬೇಸಾಯವೇ ಬಹುಜನರ ಜೀವನ. ಅಲ್ಲಿಯ ರೈತನೊಬ್ಬನಿಗೆ ತೊಡೆಯ ಮೇಲೆ ಕುರುವೆದ್ದು, ಸುತ್ತಲೂ ಕೆಂಪೇರಿ ಜ್ವರ ಬಂದಿತೆಂದು ವಾಚಕರು ಭಾವಿಸಿಕೊಳ್ಳಲಿ. ವೈದ್ಯರು ಕೀವನ್ನು ತೆಗೆದು ಡಾಕ್ಸಿಸೈಕ್ಲಿನ್ ಎಂಬ ಗುಳಿಗೆಯನ್ನು ಬರೆದುಕೊಡುತ್ತಾರೆ. ಜ್ವರವಿಳಿದೊಡನೆ ಆತನು ಕಳೆ ಕೀಳಲು ಹೊಲಕ್ಕೆ ಹೋಗುತ್ತಾನೆ. ಸಂಜೆಗೆ ಮುಖ, ಕತ್ತು, ಮುಂಗೈಗಳು ಸುಟ್ಟಂತೆ ಉರಿಯತೊಡಗುತ್ತವೆ. ‘ಔಷಧ ಮೈಗೆ ಉಷ್ಣವಾಯಿತು’ ಎಂದು ಮನೆಯವರು ಉಳಿದ ಗುಳಿಗೆಗಳನ್ನು ಗೂಡಿನಲ್ಲಿಟ್ಟುಬಿಡುತ್ತಾರೆ. ಕುರುವು ಮತ್ತೆ ಕೀವುಗಟ್ಟುತ್ತದೆ.

ಗೂಡು ಸೇರಿದ ಆ ಗುಳಿಗೆಗಳಿಗಾಗಿಯೇ ನಾವು ಇದನ್ನು ಬರೆಯುತ್ತಿರುವೆವು. ಮನೆಯವರ ಮಾತು ಅರ್ಧ ನಿಜ. ಉರಿಯನ್ನು ತಂದುದು ಗುಳಿಗೆಯೊಂದೇ ಅಲ್ಲ, ಗುಳಿಗೆಯೂ ಬಿಸಿಲೂ ಕೂಡಿ. ರಕ್ತದ ಮೂಲಕ ಚರ್ಮವನ್ನು ಸೇರಿದ ಔಷಧವು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು, ಆ ಶಕ್ತಿಯನ್ನು ಸುತ್ತಲಿನ ಜೀವಕೋಶಗಳಿಗೆ ಹಾನಿಯಾಗುವಂತೆ ಬಿಟ್ಟುಕೊಡುವುದು. ಆದುದರಿಂದಲೇ ಅಂಗಿಯ ಮರೆಯ ಮೈ ಚೆನ್ನಾಗಿದ್ದು, ತೆರೆದ ಮೈ ಮಾತ್ರ ಬೇಯುತ್ತದೆ. ಕೆಲವರಿಗೆ ಉಗುರೂ ಬುಡ ಬಿಟ್ಟು ಏಳುವುದುಂಟು. ಈ ಕಿರಣಗಳ ಒಂದು ಭಾಗವು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರಬಲ್ಲುದು.

ಔಷಧವೂ ಬಿಸಿಲೂ ಕೂಡಿ ಚರ್ಮದ ಮೇಲೆ ಕೆಲಸಮಾಡುವುದು ನಮ್ಮ ನಾಡಿಗೆ ಹೊಸತಲ್ಲ. ತೊನ್ನಿಗೆ ಬಾವಂಚಿ ಬೀಜವನ್ನು ಬಳಸಿ ಬಿಸಿಲು ಕಾಯಿಸುವ ಪದ್ಧತಿ ಹಳೆಯದು. ಅಲ್ಲಿಯೂ ಮಿತಿ ಮೀರಿದರೆ ಗುಳ್ಳೆಯೇಳುತ್ತದೆ.

ಡಾಕ್ಸಿಸೈಕ್ಲಿನ್ನಿನ ವಂಶವೂ ಹೊಲಕ್ಕೆ ಸೇರಿದುದೇ. ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಆರಿಯೋಮೈಸಿನ್ 1948ರಲ್ಲಿ ಪ್ರಕಟವಾಯಿತು. ಅದೇ ಕುಲದ ಡಾಕ್ಸಿಸೈಕ್ಲಿನ್ 1967ರಿಂದ ಬಳಕೆಗೆ ಬಂದಿತು. ಸಲ್ಫಾ ಔಷಧಗಳಿಂದಲೂ ಸಿಪ್ರೊಫ್ಲಾಕ್ಸಸಿನ್ನಿನಿಂದಲೂ ಇಂತಹ ತೊಂದರೆಯಾಗಬಹುದು. ಚರ್ಮದ ಕೀವಿಗೆ ಕೊಡುವ ಸೆಫಲೆಕ್ಸಿನ್ನಿನಂತಹವುಗಳಲ್ಲಿ ಈ ಭಯ ಬಹಳ ಕಡಿಮೆ. ಹಾಗೆಂದು ಹೆಸರು ಕಂಡು ಅಂಗಡಿಯಲ್ಲಿ ಬೇರೆಯದನ್ನು ಕೊಳ್ಳತಕ್ಕುದಲ್ಲ. ಯಾವ ಜೀವಿಗೆ ಯಾವ ಮದ್ದೆಂಬುದನ್ನು ವೈದ್ಯರು ನೋಡಬೇಕು. ಸಣ್ಣ ಕುರುವಿಗೆ ಅವರು ಕೀವು ತೆಗೆದು ಗುಳಿಗೆಯನ್ನೇ ಕೊಡದಿರಬಹುದು. ಅದು ಅಲಕ್ಷ್ಯವಲ್ಲ.

ಗುಳಿಗೆ ಬರೆಯುವಾಗಲೇ ‘ನನ್ನದು ಬಿಸಿಲಿನ ಕೆಲಸ’ ಎಂದು ಹೇಳಿಬಿಡುವುದು ಒಳ್ಳೆಯದು. ವೈದ್ಯರು ಬೇರೊಂದನ್ನು ಕೊಡಬಹುದು. ಕೊಡದಿದ್ದರೆ, ತುಂಬುತೋಳಿನ ಅಂಗಿ, ಕತ್ತನ್ನು ಮುಚ್ಚುವ ಟವೆಲು, ಅಗಲ ಅಂಚಿನ ಟೋಪಿ ಇರಲಿ; ಹತ್ತರಿಂದ ನಾಲ್ಕು ಗಂಟೆಯವರೆಗೆ ನೆರಳಿನ ಕೆಲಸವಿರಲಿ. ಕೂಲಿಯವರಿಗೆ ಇದು ಸುಲಭವಲ್ಲವೆಂದು ನಾವು ಬಲ್ಲೆವು. ಅಂತಹವರನ್ನು ಆ ಕೆಲವು ದಿನ ಕಣದ ನೆರಳಿಗೆ ಹಾಕುವುದು ಹೊಲದ ಯಜಮಾನರ ಕೈಯಲ್ಲಿದೆ.

ಉರಿ ಕಂಡರೆ ಬಿಸಿಲನ್ನು ಬಿಟ್ಟು, ತಣ್ಣೀರಿನ ಬಟ್ಟೆಯಿಟ್ಟು, ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು. ಮುಚ್ಚಿದ ಮೈಯಲ್ಲಿಯೂ ದದ್ದು, ಬಾಯಿಹುಣ್ಣು, ಮುಖದ ಬಾವು, ಉಸಿರಿನ ಕಷ್ಟ ತೋರಿದರೆ ಅದು ಬೇರೆಯೇ ವಿಷಯ: ಮುಂದಿನ ಗುಳಿಗೆಯನ್ನು ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಗೂಡಿನಲ್ಲಿರುವ ಆ ಗುಳಿಗೆಯ ಪಟ್ಟಿಯನ್ನೂ ಕೈಯಲ್ಲಿ ಒಯ್ಯಿರಿ.