ಹದಿನೆಂಟಕ್ಕೇ ಮನೆ ಬಿಡಿಸುತ್ತಾರೆಂಬ ನಂಬಿಕೆ ಮತ್ತು ವಾಸ್ತವ

ಇಂಟರ್ನ್‌ಶಿಪ್‌ಗೆಂದು, ಅಂದರೆ ಓದಿನ ಭಾಗವಾಗಿಯೇ ಕೆಲವು ತಿಂಗಳು ಕಂಪನಿಯಲ್ಲೋ ಪ್ರಯೋಗಾಲಯದಲ್ಲೋ ಕೆಲಸ ಕಲಿಯುವುದಕ್ಕೆಂದು, ವಿದೇಶಕ್ಕೆ ಹೋಗಿಬರುವ ವಿದ್ಯಾರ್ಥಿಗಳು ಊರಿಗೆ ತರುವ ಸುದ್ದಿಗಳಲ್ಲಿ ಒಂದು ಮಾತ್ರ ಎಷ್ಟು ಸಲ ಸುಳ್ಳೆಂದು ತೋರಿಸಿದರೂ ಸಾಯುವುದಿಲ್ಲ. ಅಲ್ಲಿ ಮಕ್ಕಳಿಗೆ 18 ತುಂಬಿದೊಡನೆ ಹೆತ್ತವರು ಮನೆ ಬಿಡಿಸುತ್ತಾರೆ, ಅದೇ ಮಕ್ಕಳು ಮುಂದೆ ಹೆತ್ತವರನ್ನು ವೃದ್ಧಾಶ್ರಮಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ ಎಂಬುದು ಆ ಸುದ್ದಿ. ಆಂಧ್ರಪ್ರದೇಶದ ಪದವಿ ಶಿಕ್ಷಣದಲ್ಲಿ 2020ರ ಸುಧಾರಣೆಯಿಂದ 10 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಈ ಪದ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮನೆಗಳಿಗೂ ಹೊಸದಾಗಿ ಉಳಿದಿಲ್ಲವಾದ್ದರಿಂದ, ಈ ನಂಬಿಕೆಯನ್ನು ಕೊಂಚ ನಿಷ್ಠುರವಾಗಿಯೇ ಪರಿಶೀಲಿಸಬೇಕಾಗಿದೆ.

ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟಾಟ್‌ನ 2022ರ ಲೆಕ್ಕದಂತೆ, ಅಲ್ಲಿನ ಯುವಜನರು ಹೆತ್ತವರ ಮನೆ ಬಿಡುವ ಸರಾಸರಿ ವಯಸ್ಸು 26.4, ಇದು ಫಿನ್ಲೆಂಡಿನಲ್ಲಿ 21.3, ಜರ್ಮನಿಯಲ್ಲಿ ಸುಮಾರು 24, ಕ್ರೊಯೇಷಿಯಾದಲ್ಲಿ 33.4. ಹದಿನೆಂಟು ಎಂಬ ಸರಾಸರಿ ಒಕ್ಕೂಟದ ಯಾವ ದೇಶದಲ್ಲಿಯೂ ಇಲ್ಲ. ಜರ್ಮನಿಯಲ್ಲಿ ಕಾನೂನು ಸಹ ಈ ನಂಬಿಕೆಗೆ ನೇರವಾಗಿ ವಿರುದ್ಧವಾಗಿದೆ. 1900ರಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಸಂಹಿತೆ, ಅಂದರೆ ಕುಟುಂಬ, ಆಸ್ತಿ, ಒಪ್ಪಂದಗಳನ್ನು ಕುರಿತ ಕಾನೂನುಗಳ ಸಂಗ್ರಹ, ಮಕ್ಕಳು ವಯಸ್ಕರಾದ ಮೇಲೂ ಅವರು ಒಂದು ವೃತ್ತಿಗೆ ಬೇಕಾದ ಶಿಕ್ಷಣವನ್ನು ಮುಗಿಸುವವರೆಗೆ ಅದರ ವೆಚ್ಚವನ್ನು ಹೆತ್ತವರ ಮೇಲೆ ಹೊರಿಸುತ್ತದೆ. ಅದೇ ಸಂಹಿತೆಯ 1618ಎ ಕಲಮು ಹೆತ್ತವರೂ ಮಕ್ಕಳೂ ಪರಸ್ಪರ ನೆರವು ಮತ್ತು ಗೌರವಗಳಿಗೆ ಬದ್ಧರೆಂದು ಹೇಳುತ್ತದೆ.

ವೃದ್ಧಾಶ್ರಮದ ಮಾತು ಇದಕ್ಕಿಂತಲೂ ದುರ್ಬಲವಾದದ್ದು. ಜರ್ಮನಿಯಲ್ಲಿ 1995ರಿಂದ ಆರೈಕೆ ವಿಮೆ ಎಂಬ ವ್ಯವಸ್ಥೆಯಿದ್ದು, ನಿತ್ಯದ ಕೆಲಸಗಳಿಗೆ ಇನ್ನೊಬ್ಬರ ಸಹಾಯ ಬೇಕಾದವರಿಗೆ ಅದರಿಂದ ಹಣವೋ ಸೇವೆಯೋ ದೊರೆಯುತ್ತದೆ. 2021ರ ಕೊನೆಯಲ್ಲಿ ಇಂಥವರ ಸಂಖ್ಯೆ ಸುಮಾರು 50 ಲಕ್ಷವಿದ್ದು, ಅವರಲ್ಲಿ ಶೇ. 84ರಷ್ಟು ಜನ ಮನೆಯಲ್ಲಿಯೇ ಆರೈಕೆ ಪಡೆಯುತ್ತಿದ್ದರು. 25 ಲಕ್ಷಕ್ಕೂ ಮಿಕ್ಕಿದವರನ್ನು ಮುಖ್ಯವಾಗಿ ಮನೆಯವರೇ ನೋಡಿಕೊಳ್ಳುತ್ತಿದ್ದರೆ, ಆರೈಕೆ ಗೃಹಗಳಲ್ಲಿದ್ದವರು 8 ಲಕ್ಷದಷ್ಟು ಮಾತ್ರ. ಆರೈಕೆ ಗೃಹದ ಖರ್ಚು ಭರಿಸಲು ಸ್ವಂತ ಹಣ ಮತ್ತು ವಿಮೆ ಸಾಲದಿದ್ದಾಗ ಮಕ್ಕಳ ಪಾಲನ್ನು ಕೇಳುವ ಹಕ್ಕು ಸರ್ಕಾರಕ್ಕಿದ್ದು, 2020ರಿಂದ ಆ ಹೊಣೆಯನ್ನು ವರ್ಷಕ್ಕೆ 1 ಲಕ್ಷ ಯೂರೋಗಿಂತ ಹೆಚ್ಚು ವರಮಾನವಿರುವ ಮಕ್ಕಳಿಗೆ ಸೀಮಿತಗೊಳಿಸಲಾಗಿದೆ. ಭಾರತದಲ್ಲಿಯೂ ಹೆತ್ತವರ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆ ಬೇಕಾಯಿತೆಂಬುದನ್ನು ಇಲ್ಲಿ ಮರೆಯಬಾರದು.

ಹೀಗಿದ್ದೂ ಕಣ್ಣಾರೆ ಕಂಡು ಬಂದವರೇ ಈ ನಂಬಿಕೆಯನ್ನು ಗಟ್ಟಿಗೊಳಿಸುವುದಕ್ಕೆ ಕಾರಣ, ಅವರು ಕಾಣುವ ಜಗತ್ತು ತೀರ ಕಿರಿದಾಗಿರುವುದು. ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆಯು ಭಾರತೀಯ ವಿದ್ಯಾರ್ಥಿಗಳಿಗಾಗಿ ನಡೆಸುತ್ತ ಬಂದ ವೈಸ್ ಯೋಜನೆಯಂಥ ಇಂಟರ್ನ್‌ಶಿಪ್‌ಗಳು ಎರಡು ಮೂರು ತಿಂಗಳಲ್ಲಿ ಮುಗಿಯುತ್ತವೆ. ಆ ಅವಧಿಯಲ್ಲಿ ವಿದ್ಯಾರ್ಥಿಯ ಒಡನಾಟವೆಲ್ಲ ಪ್ರಯೋಗಾಲಯದೊಂದಿಗೆ ಮತ್ತು ನಾಲ್ಕಾರು ವಿದ್ಯಾರ್ಥಿಗಳು ಬಾಡಿಗೆ ಹಂಚಿಕೊಂಡಿರುವ ಮನೆಯೊಂದಿಗೆ. ಓದಿಗಾಗಿ ಮನೆ ಬಿಟ್ಟು ಬಂದವರ ನಡುವೆಯೇ ವಾಸಿಸಿ, ಈ ದೇಶದಲ್ಲಿ ಯಾರೂ ಹೆತ್ತವರೊಂದಿಗೆ ಇರುವುದಿಲ್ಲವೆಂದು ನಿರ್ಣಯಿಸುವುದು ಅನಂತಪುರದ ಹಾಸ್ಟೆಲೊಂದನ್ನು ನೋಡಿ ಈ ಜಿಲ್ಲೆಯ ಮಕ್ಕಳಿಗೆ ಮನೆಯೇ ಇಲ್ಲವೆಂದು ಬರೆದಂತೆ.

ಊರಿನ ಕಡೆಗೆ ಕಣ್ಣು ಹಾಯಿಸಿದರೆ ಈ ಹೋಲಿಕೆಯ ಇನ್ನೊಂದು ಬದಿಯೂ ಕುಸಿಯುತ್ತದೆ. ಉದಾಹರಣೆಗೆ ಬೊಮ್ಮನಹಾಳ್ ಮಂಡಲದ ನೇಮಕಲ್ಲು, ಆಂಜನೇಯನ ಗುಡಿಯಿಂದ ಹೆಸರಾದ ಗ್ರಾಮ. ಅದಿರುವ ರಾಯದುರ್ಗ ಸೀಮೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಇಲ್ಲಿ ಶೇಂಗಾ ಬೆಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಬಳ್ಳಾರಿಗೋ ಗುಳೆ ಹೋಗುವುದು, ಮುದುಕರು ಮನೆ ಕಾಯುವುದು ಹಳೆಯ ಸಂಗತಿ. ಐದನೇ ತರಗತಿಗೇ ಸರ್ಕಾರಿ ಗುರುಕುಲ ಶಾಲೆಗೆ, ಅಂದರೆ ವಸತಿ ಶಾಲೆಗೆ, ಸೇರಿ, ಇಂಟರ್‌ಮೀಡಿಯೆಟ್ಟನ್ನು ಇನ್ನೊಂದು ಊರಿನ ಹಾಸ್ಟೆಲಿನಲ್ಲಿ ಮುಗಿಸುವ ಹುಡುಗ ಹತ್ತನೆಯ ವಯಸ್ಸಿಗೇ ಮನೆ ಬಿಟ್ಟವನು. ಅವನ ಹೆತ್ತವರಿಗೆ ಮಮತೆಯಿಲ್ಲವೆಂದು ಯಾರೂ ಹೇಳುವುದಿಲ್ಲ, ಹೇಳಬಾರದು. ಅದೇ ಹುಡುಗ ಮ್ಯೂನಿಕ್‌ನಲ್ಲಿ ಇಪ್ಪತ್ತರ ಯುವತಿಯೊಬ್ಬಳು ಬಾಡಿಗೆ ಕೋಣೆಯಲ್ಲಿರುವುದನ್ನು ಕಂಡು ಅವಳ ಮನೆಯವರ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಭಾರತವೆಂದರೆ ಅವಿಭಕ್ತ ಕುಟುಂಬ, ಪಶ್ಚಿಮವೆಂದರೆ ಒಂಟಿತನ ಎಂಬ ವಿಭಜನೆಯನ್ನು ವಿದ್ವಾಂಸರು ಕೈಬಿಟ್ಟು ಅರ್ಧ ಶತಮಾನವೇ ಆಯಿತು. ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿದ ಐ.ಪಿ. ದೇಸಾಯಿ 1964ರಲ್ಲಿಯೇ, ಕುಟುಂಬದ ಕೂಡುತನವನ್ನು ಒಂದೇ ಸೂರಿನಿಂದ ಅಳೆಯದೆ ಪರಸ್ಪರ ಹೊಣೆಗಳಿಂದ ಅಳೆಯಬೇಕೆಂದು ತೋರಿಸಿದರು, ಎ.ಎಂ. ಶಾ 1973ರ ತಮ್ಮ ಗ್ರಂಥದಲ್ಲಿ, ಹಿಂದಿನ ಕಾಲದ ಹಳ್ಳಿಗಳೆಲ್ಲ ದೊಡ್ಡ ಕುಟುಂಬಗಳಿಂದ ತುಂಬಿದ್ದವೆಂಬ ಕಲ್ಪನೆಯನ್ನೇ ಪ್ರಶ್ನಿಸಿದರು. ಆದರೂ ವಿದೇಶಕ್ಕೆ ಹೊರಡುವವರಿಗೆ ಹೇಳಿಕೊಡುವ ಪಾಠಗಳಲ್ಲಿ ಹಾಫ್‌ಸ್ಟೀಡ್ ಎಂಬ ಡಚ್ ಸಂಶೋಧಕ 1980ರಲ್ಲಿ ಪ್ರಕಟಿಸಿದ ವ್ಯಕ್ತಿಪ್ರಧಾನತೆಯ ಅಂಕಗಳನ್ನು, ಅಂದರೆ ಸಮೂಹಕ್ಕಿಂತ ವ್ಯಕ್ತಿಗೆ ಎಷ್ಟು ಮಹತ್ವವೆಂಬ ದೇಶವಾರು ಅಳತೆಯನ್ನು, ಜಾತಕದಂತೆ ಓದುವುದು ನಿಂತಿಲ್ಲ. ಆ ಅಂಕಗಳು ಐಬಿಎಂ ಎಂಬ ಒಂದೇ ಕಂಪನಿಯ ನೌಕರರ ಉತ್ತರಗಳಿಂದ ಬಂದ ಸರಾಸರಿಗಳು. ಅವುಗಳನ್ನು ಬಿಡಿ ವ್ಯಕ್ತಿಗಳಿಗೆ ಅನ್ವಯಿಸಬಾರದೆಂದು ಹಾಫ್‌ಸ್ಟೀಡರೇ ಎಚ್ಚರಿಸಿದ್ದರು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಜರ್ಮನಿಯ ರೈಲುಗಳು ಗಡಿಯಾರದಂತೆ ಓಡುತ್ತವೆಂಬುದು ನಿಜವಲ್ಲ. ಆರು ನಿಮಿಷದೊಳಗಿನ ವಿಳಂಬವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 2023ರಲ್ಲಿ ವೇಳೆಗೆ ತಲುಪಿದ ದೂರಪ್ರಯಾಣದ ರೈಲುಗಳು ಶೇ. 64ರಷ್ಟು. ಭಾನುವಾರ ಅಂಗಡಿ ಮುಚ್ಚುವುದು ಸೋಮಾರಿತನವಲ್ಲ. ಆ ದಿನದ ವಿಶ್ರಾಂತಿಗೆ ಅಲ್ಲಿನ ಸಂವಿಧಾನದ ರಕ್ಷಣೆಯಿದೆ.

ಕಂಡದ್ದನ್ನು ಪರೀಕ್ಷಿಸುವ ಶಿಸ್ತನ್ನು ವಿಜ್ಞಾನ, ತಂತ್ರಜ್ಞಾನದ ತರಗತಿಗಳಲ್ಲಿ ವರ್ಷಗಟ್ಟಲೆ ಕಲಿತವರು ಮನುಷ್ಯರ ವಿಷಯಕ್ಕೆ ಬಂದೊಡನೆ ಆ ಶಿಸ್ತನ್ನು ಬದಿಗಿಟ್ಟು ಕೇಳಿದ್ದನ್ನೇ ಕಂಡೆವೆನ್ನುವುದು ಬೇಸರದ ಸಂಗತಿ. ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗಳು, ಸಹೋದ್ಯೋಗಿಗಳ ಪರಿಚಯ ಬೆಳೆದ ಮೇಲೆ, ಅವರ ಮನೆಯ ಹಿರಿಯರನ್ನು ಯಾರು ನೋಡಿಕೊಳ್ಳುತ್ತಾರೆಂದು ಒಮ್ಮೆ ಕೇಳಿ ತಿಳಿದುಕೊಳ್ಳಲಿ. ಊರಿನಲ್ಲಿ ಸುದ್ದಿ ಕೇಳಲು ಕಾದಿರುವವರಿಗೆ ಆ ಉತ್ತರಗಳನ್ನೇ ಹೇಳಲಿ.