ತಿರುಗಿಸುವ ಗೇರೋ, ಒತ್ತುವ ಗೇರೋ: ಗುಡ್ಡದ ಸೈಕಲ್ಲಿನ ಸುತ್ತ ಬೆಳೆದ ನಂಬಿಕೆಗಳು

ಶಂಕರಘಟ್ಟದ ಸುತ್ತ ಗೇರ್ ಸೈಕಲ್ಲು ಕೊಳ್ಳಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತು ಹೆಚ್ಚಾಗಿ ಇದೇ: “ತಿರುಗ್ಸೋ ಗೇರು ತಗೋಬೇಡಿ ಮಾರಾಯ್ರೆ, ಅದು ಮಕ್ಕಳ ಸೈಕಲ್ಲಿಂದು. ಲಿವರ್ ಇರೋದೇ ತಗೊಳಿ.” ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತಿನಲ್ಲಿ ಕಾಲು ಭಾಗ ಸತ್ಯ, ಉಳಿದದ್ದು ಬಾಯಿಂದ ಬಾಯಿಗೆ ಬಂದ ನಂಬಿಕೆ. ಕುವೆಂಪು ವಿಶ್ವವಿದ್ಯಾಲಯದ ಹಾಸ್ಟೆಲ್ಲಿನ ಹುಡುಗನಿರಲಿ, ಬಿ.ಆರ್. ಪ್ರಾಜೆಕ್ಟಿನಿಂದ ಭದ್ರಾವತಿಗೆ ಓಡಾಡುವ ನೌಕರನಿರಲಿ, ಸೈಕಲ್ಲಿಗೆ ಹಾಕುವ ಹಣ ದುಡಿದು ಉಳಿಸಿದ್ದು. ಅದನ್ನು ತಪ್ಪು ಕಾರಣಕ್ಕೆ ಸುರಿಯಬಾರದು ಎಂಬುದೇ ನನ್ನ ಕಾಳಜಿ.

ಎರಡೂ ಬಗೆಯ ಶಿಫ್ಟರ್ ಮಾಡುವ ಕೆಲಸ ಒಂದೇ. ಹಿಡಿಯ ಒಳಭಾಗವನ್ನೇ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಗೇರು ಬದಲಿಸುವುದು ಟ್ವಿಸ್ಟ್. ಹ್ಯಾಂಡಲ್ಲಿನ ಕೆಳಗಿರುವ ಲಿವರುಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಒತ್ತಿ ಬದಲಿಸುವುದು ಟ್ರಿಗರ್. ಯಾವುದೇ ಆದರೂ ಒಂದು ಸಣ್ಣ ವಯರನ್ನು ಲೆಕ್ಕದಷ್ಟು ಸುತ್ತಿಕೊಳ್ಳುತ್ತದೆ, ಇಲ್ಲವೇ ಸಡಿಲ ಬಿಡುತ್ತದೆ. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಹಿಂದಿರುವ ಡಿರೇಲರ್. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಮೊದಲು ಆ “ಮಕ್ಕಳ ಸೈಕಲ್ಲಿಂದು” ಎಂಬ ಮಾತು. ನಮ್ಮ ಅಂಗಡಿಗಳಲ್ಲಿ ತಿರುಗಿಸುವ ಗೇರು ಕಾಣುವುದು ಹೆಚ್ಚಾಗಿ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ, ಶಿಮಾನೊ ಕಂಪನಿಯ ರೆವೊಶಿಫ್ಟ್ ರೂಪದಲ್ಲಿ. ಹಾಗಾಗಿ ಅದು ಅಗ್ಗದ ಮಾಲು ಎಂಬ ಭಾವನೆ ಗಟ್ಟಿಯಾಗಿದೆ. ಹುಟ್ಟಿದ ಕತೆ ಬೇರೆ. ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ 1987ರಲ್ಲೇ ಅಮೆರಿಕದ ಶಿಕಾಗೋದಲ್ಲಿ ಸ್ರ್ಯಾಮ್ ಎಂಬ ಕಂಪನಿ ಶುರುವಾಯಿತು, ಅದು ಕಾಲೂರಿದ್ದೇ ಗ್ರಿಪ್ ಶಿಫ್ಟ್ ಎಂಬ ಈ ತಿರುಗಿಸುವ ಸಾಧನದ ಮೇಲೆ. ಮೊದಲು ಬಂದದ್ದು ರಸ್ತೆ ಸೈಕಲ್ಲಿಗೆ, 1991ರ ಹೊತ್ತಿಗೆ ಮೌಂಟನ್ ಬೈಕಿಗೆ. ಇಂದು ಜಗತ್ತಿನ ದೊಡ್ಡ ಬಿಡಿಭಾಗ ತಯಾರಕರಲ್ಲಿ ಒಂದಾದ ಕಂಪನಿಯ ಮೊದಲ ಸರಕು ಇದು. ಮುಂದೆ 12 ಗೇರಿನ ದುಬಾರಿ ಈಗಲ್ ಸರಣಿಯಲ್ಲೂ ಗ್ರಿಪ್ ಶಿಫ್ಟ್ ಬಂತು. ಜರ್ಮನಿಯ ರೋಲೋಫ್ 1998ರಲ್ಲಿ ಹೊರತಂದ 14 ಗೇರಿನ ಹಬ್, ದೇಶ ಸುತ್ತುವ ಸೈಕಲ್ ಯಾತ್ರಿಕರು ನಂಬಿಕೊಂಡಿರುವಂಥದ್ದು, ತಿರುಗಿಸುವ ಶಿಫ್ಟರಿನೊಂದಿಗೇ ಬರುತ್ತದೆ. ಅಗ್ಗದ್ದು ಅಗ್ಗದ್ದೇ, ಒಳ್ಳೆಯದು ಒಳ್ಳೆಯದೇ. ತಿರುಗಿಸುವುದೋ ಒತ್ತುವುದೋ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ.

“ಅದು ಸ್ಕೂಟರ್ ಗೇರಿದ್ದಂಗೆ ಅಲ್ವ?” ಎಂದು ಕೇಳುವವರೂ ಇದ್ದಾರೆ. ಬಜಾಜ್ ಚೇತಕ್ ಓಡಿಸಿದ ತಲೆಮಾರಿಗೆ ಎಡಗೈ ಹಿಡಿ ತಿರುಗಿಸಿ ಗೇರು ಹಾಕುವುದು ರಕ್ತಗತ. ಹೋಲಿಕೆ ಕೈಗೆ ಮಾತ್ರ, ಒಳಗಿನ ಕೆಲಸಕ್ಕಲ್ಲ. ಸ್ಕೂಟರಿನಲ್ಲಿ ಕ್ಲಚ್ ಹಿಡಿದು, ನಿಂತಲ್ಲೇ ಗೇರು ಬದಲಿಸಬಹುದು. ಡಿರೇಲರ್ ಇರುವ ಸೈಕಲ್ಲಿನಲ್ಲಿ ಕ್ಲಚ್ ಇಲ್ಲ, ಪೆಡಲ್ ತಿರುಗುತ್ತಿದ್ದರಷ್ಟೇ ಚೈನು ದಾಟುತ್ತದೆ. ನಿಂತ ಸೈಕಲ್ಲಿನ ಹಿಡಿಯನ್ನು ನಾಲ್ಕು ಕ್ಲಿಕ್ ತಿರುಗಿಸಿ, ಆಮೇಲೆ ಏರಿನಲ್ಲಿ ಜೋರಾಗಿ ತುಳಿದರೆ ಕರಕರ ಎಂದು ಚೈನು ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಲಿವರಿನಲ್ಲೂ ಇದೇ ಆಗುತ್ತದೆ. ಏರು ಎದುರಾಗುವ ಮುನ್ನವೇ, ಕಾಲಿನ ಒತ್ತಡ ಒಂದು ಸುತ್ತು ಹಗುರ ಮಾಡಿ ಗೇರು ಇಳಿಸುವುದು ಅಭ್ಯಾಸವಾಗಬೇಕು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಸ್ಕೂಟರಿನ ಗೇರಿಗೆ ಎರಡು ವಯರು, ಒಂದು ಆಚೆ ಎಳೆದರೆ ಇನ್ನೊಂದು ಈಚೆ. ಸೈಕಲ್ಲಿನ ಡಿರೇಲರಿಗೆ ಒಂದೇ. ಸಾಮಾನ್ಯವಾಗಿ ದೊಡ್ಡ ಚಕ್ರದ ಕಡೆಗೆ ವಯರು ಎಳೆಯುತ್ತದೆ, ಚಿಕ್ಕ ಚಕ್ರದ ಕಡೆಗೆ ಮರಳಿ ತರುವುದು ಡಿರೇಲರಿನ ಸ್ಪ್ರಿಂಗು.

“ಗೇರು ಸರಿಯಾಗಿ ಬೀಳ್ತಿಲ್ಲ, ಶಿಫ್ಟರ್ ಹೋಗಿದೆ” ಎಂಬ ತೀರ್ಪಿನ ನಿಜ ಅಡಗಿರುವುದು ಈ ಸ್ಪ್ರಿಂಗಿನಲ್ಲೇ. ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವುದೂ ಇಲ್ಲೇ. ಮಲೆನಾಡಿನಲ್ಲಿ ಜೂನ್ ಹಿಡಿದರೆ ನಾಲ್ಕು ತಿಂಗಳು ಸೈಕಲ್ಲು ಒದ್ದೆ. ಭದ್ರಾ ನಾಲೆಯ ದಂಡೆಯ ದಾರಿ, ಅಡಿಕೆ ತೋಟದ ಬದಿಯ ಕೆಮ್ಮಣ್ಣು, ಗದ್ದೆ ಬಯಲಿನ ಕೆಸರು ಎಲ್ಲವೂ ಹಿಂದಿನ ಚಕ್ರದಿಂದ ಎರಚಿ, ಡಿರೇಲರಿಗೆ ಸೇರುವ ವಯರಿನ ಕೊನೆಯ ಬಾಗಿನೊಳಗೆ ಇಳಿಯುತ್ತವೆ. ಅಲ್ಲಿ ತುಕ್ಕು, ಮಣ್ಣು ಸೇರಿ ವಯರು ಜಾರುವುದಿಲ್ಲ. ನಮ್ಮ ಕೈಗೆ ಬಲವಿದೆ, ಎಳೆಯುತ್ತದೆ. ಸ್ಪ್ರಿಂಗಿಗೆ ಅಷ್ಟು ಬಲವಿಲ್ಲ, ಮರಳಿ ತರಲಾರದೆ ನಡುವೆ ನಿಲ್ಲುತ್ತದೆ. ಹಾಗಾಗಿ ಪರೀಕ್ಷೆ ಸರಳ: ದೊಡ್ಡ ಚಕ್ರದ ಕಡೆ ಗೇರು ಚೆನ್ನಾಗಿ ಹೋಗುತ್ತದೆ, ಚಿಕ್ಕ ಚಕ್ರದ ಕಡೆ ಮರಳುವಾಗ ತಡವರಿಸುತ್ತದೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ವಯರನ್ನು. ಒಳವಯರು, ಹೊರಕವಚ ಎರಡನ್ನೂ ಬದಲಿಸಲು ತಗಲುವುದು ಹೊಸ ಶಿಫ್ಟರಿನ ಬೆಲೆಯ ಸಣ್ಣ ಪಾಲು.

ಎರಡು ದಿಕ್ಕಿನಲ್ಲೂ ಒಂದೇ ರೀತಿ ತಪ್ಪುತ್ತಿದ್ದರೆ ವಯರಿನ ಬಿಗಿ ತಪ್ಪಿರಬಹುದು. ಶಿಫ್ಟರಿನ ಬಳಿಯೋ ಡಿರೇಲರಿನ ಬಳಿಯೋ ಇರುವ ಸಣ್ಣ ತಿರುಗುಮಣಿಯನ್ನು ಕಾಲು ಸುತ್ತು ತಿರುಗಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಕಾಲು. ಏಳು ಗೇರಿನ ಫ್ರೀವೀಲಿನಲ್ಲಿ, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಗುಚ್ಛದಲ್ಲಿ, ಒಂದು ಚಕ್ರದಿಂದ ಇನ್ನೊಂದಕ್ಕೆ ಇರುವ ದೂರವೇ 5 ಮಿಲಿಮೀಟರ್. ವಯರು ಅರ್ಧ ಮಿಲಿಮೀಟರ್ ಸಡಿಲವಾದರೂ ಡಿರೇಲರ್ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಆಚೀಚೆ ನಿಲ್ಲುತ್ತದೆ, ಚೈನು ಸದ್ದು ಮಾಡಲು ಅಷ್ಟು ಸಾಕು. 12 ಗೇರಿನಲ್ಲಿ ಆ ದೂರ 4 ಮಿಲಿಮೀಟರಿಗೂ ಕಡಿಮೆ, ಅಲ್ಲಿ ತಪ್ಪಿಗೆ ಜಾಗ ಇನ್ನೂ ಕಿರಿದು. ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ ಸೈಕಲ್ಲಿನ ಹಿಂದೆ ನಿಂತು ಡಿರೇಲರ್ ನೇರವಾಗಿ ತೂಗುತ್ತಿದೆಯೇ ನೋಡಬೇಕು. ಬಲಕ್ಕೆ ಬಿದ್ದ ಸೈಕಲ್ಲಿನಲ್ಲಿ ಅದನ್ನು ಹಿಡಿದಿರುವ ತುಂಡು ಒಳಕ್ಕೆ ಬಾಗಿರಬಹುದು. ಬಸ್ಸಿನ ಮೇಲೆ ಹಾಕಿ ತಂದ ಸೈಕಲ್ಲುಗಳಲ್ಲೂ ಹೀಗಾಗುವುದುಂಟು.

“ತಿರುಗಿಸುವುದು ತಾನಾಗಿ ಗೇರು ಬದಲಾಯಿಸಿಬಿಡುತ್ತದೆ.” ಇದರಲ್ಲಿ ಹುರುಳಿದೆ. ತಿರುಗುವ ಭಾಗ ಹಿಡಿಯ ಒಳತುದಿಯಲ್ಲಿದ್ದು, ಕೈಯ ಹೆಬ್ಬೆರಳು ತೋರುಬೆರಳುಗಳ ನಡುವಿನ ಭಾಗ ಅದರ ಮೇಲೆಯೇ ಕೂರುತ್ತದೆ. ಕಲ್ಲುಹಾಸಿನ ಇಳಿಜಾರಿನಲ್ಲಿ ಸೈಕಲ್ಲು ಕುಣಿಯುವಾಗ ಬಿಗಿಯಾಗಿ ಹಿಡಿದರೆ, ಅಥವಾ ಏರಿನಲ್ಲಿ ಎದ್ದುನಿಂತು ಹ್ಯಾಂಡಲ್ ಎಳೆದು ತುಳಿದರೆ, ಒಂದು ಕ್ಲಿಕ್ ಜಾರುವ ಸಾಧ್ಯತೆ ಇದ್ದೇ ಇದೆ. ಬೈಕ್ ಓಡಿಸಿ ರೂಢಿಯಾದ ಕೈಗೆ ಇನ್ನೊಂದು ತೊಂದರೆ: ವೇಗ ಬೇಕೆಂದು ಬಲಹಿಡಿಯನ್ನು ತನ್ನ ಕಡೆ ತಿರುಗಿಸಿದರೆ ಹೆಚ್ಚಿನ ಸೈಕಲ್ಲುಗಳಲ್ಲಿ ಸಿಗುವುದು ಹಗುರದ, ಅಂದರೆ ನಿಧಾನದ ಗೇರು. ಮಳೆಯದು ಬೇರೆಯೇ ಮಾತು. ಕೈ ಒದ್ದೆಯಾಗಿ, ಹಿಡಿಯ ಮೇಲೆ ಕೆಸರು ಹತ್ತಿದಾಗ, ಅಗ್ಗದ ಟ್ವಿಸ್ಟ್ ಶಿಫ್ಟರನ್ನು ತಿರುಗಿಸಲು ಎರಡು ಪಟ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಲಿವರಿಗೆ ಈ ಕಷ್ಟವಿಲ್ಲ, ಹೆಬ್ಬೆರಳು ಒದ್ದೆಯಿದ್ದರೂ ಒತ್ತುತ್ತದೆ. ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲೂ ಮಣ್ಣುದಾರಿಯಲ್ಲಿ ಓಡಿಸುವವರಿಗೆ ಲಿವರೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ, ಮಕ್ಕಳು ದೊಡ್ಡವರು ಎಂಬ ಕಾರಣಕ್ಕಲ್ಲ.

ಹಾಗೆಂದು ಲಿವರ್ ಎಲ್ಲದರಲ್ಲೂ ಗೆಲ್ಲುವುದಿಲ್ಲ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಎರಡು ಮೂರು ಗೇರು ಒಟ್ಟಿಗೆ ಹಗುರಾಗುತ್ತವೆ, ಆದರೆ ವಯರನ್ನು ಸಡಿಲ ಬಿಡುವ ಲಿವರ್ ಕಡಿಮೆ ಬೆಲೆಯ ಮಾದರಿಗಳಲ್ಲಿ ಒಂದೊತ್ತಿಗೆ ಒಂದೇ ಗೇರು ಬಿಡುತ್ತದೆ. ಟ್ವಿಸ್ಟಿನಲ್ಲಿ ಎರಡೂ ದಿಕ್ಕಿಗೆ ಒಂದೇ ಬೀಸಿನಲ್ಲಿ ನಾಲ್ಕೈದು ಗೇರು ದಾಟಬಹುದು. ಸಣ್ಣ ಸಣ್ಣ ಏರಿಳಿತ ಮೇಲಿಂದ ಮೇಲೆ ಬರುವ ದಾರಿಯಲ್ಲಿ ಇದು ನಿಜವಾದ ಅನುಕೂಲ.

“ಲಿವರು ಬೇಗ ಹಾಳಾಗುತ್ತದೆ, ತಿರುಗಿಸುವುದಕ್ಕೆ ಸಾವಿಲ್ಲ” ಎನ್ನುವವರು ನೋಡಿರುವುದು ಬಹುಶಃ ಒಂದೇ ರೋಗ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಸೈಕಲ್ಲನ್ನು ಹೊರತೆಗೆದರೆ ಲಿವರ್ ಒತ್ತಿದಷ್ಟೂ ಸುಮ್ಮನೆ ಹೋಗಿಬರುತ್ತದೆ, ಏನೂ ಹಿಡಿಯುವುದಿಲ್ಲ. ಒಳಗಿನ ಗ್ರೀಸು ಗಟ್ಟಿಯಾಗಿ, ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಪುಟ್ಟ ಕೊಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೆ. ಮೆಕ್ಯಾನಿಕ್ಕುಗಳು ಅನೇಕರು ಇದನ್ನು “ಹೋಯ್ತು” ಎಂದು ಬಿಸಾಡಿಸುತ್ತಾರೆ. ಮುಚ್ಚಳ ತೆಗೆದು ಗ್ರೀಸು ಕರಗಿಸುವ ಸ್ಪ್ರೇ ಹೊಡೆದು, ಹತ್ತಾರು ಬಾರಿ ಒತ್ತಿಬಿಟ್ಟು, ಕೊಕ್ಕೆ ಟಕ್ ಎಂದು ಹಿಡಿಯತೊಡಗಿದ ಮೇಲೆ ತೆಳು ಎಣ್ಣೆ ಬಿಟ್ಟರೆ ಬಹುಪಾಲು ಲಿವರುಗಳು ಮತ್ತೆ ಬದುಕುತ್ತವೆ. ಟ್ವಿಸ್ಟಿನೊಳಗೆ ಭಾಗಗಳು ಕಡಿಮೆ ಎಂಬುದು ನಿಜ. ಆದರೆ ಕೆಸರು ಒಳಹೊಕ್ಕರೆ ಅದೂ ಬಿಗಿಯಾಗುತ್ತದೆ, ಬಿಚ್ಚಿ ತೊಳೆದು ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸು ಹಚ್ಚಬೇಕಾಗುತ್ತದೆ. ಬಿದ್ದಾಗ ಲಿವರ್ ಮುರಿಯಬಾರದೆಂದರೆ ಅದರ ಪಟ್ಟಿಯನ್ನು ಅತಿ ಬಿಗಿ ಮಾಡಬಾರದು, ಪೆಟ್ಟು ಬಿದ್ದಾಗ ಹ್ಯಾಂಡಲ್ಲಿನ ಮೇಲೆ ಸುತ್ತಿಕೊಳ್ಳುವಷ್ಟು ಸಡಿಲ ಇರಬೇಕು.

ಒಂದನ್ನು ತೆಗೆದು ಇನ್ನೊಂದು ಹಾಕಿಸುವವರು ಗಮನಿಸಬೇಕಾದದ್ದೂ ಇದೆ. ಯಾವ ಶಿಫ್ಟರ್ ಯಾವ ಡಿರೇಲರಿಗಾದರೂ ಆಗುತ್ತದೆ ಎಂಬುದು ಶುದ್ಧ ಸುಳ್ಳು. ಶಿಮಾನೊದ 7–8 ಗೇರಿನ ವ್ಯವಸ್ಥೆಯಲ್ಲಿ ಒಂದು ಕ್ಲಿಕ್ಕಿಗೆ ವಯರು ಚಲಿಸುವುದು ಸುಮಾರು 3 ಮಿಲಿಮೀಟರ್. ಸ್ರ್ಯಾಮ್ ತಂದ 1:1 ಎಂಬ ವ್ಯವಸ್ಥೆಯಲ್ಲಿ 4ಕ್ಕಿಂತ ತುಸು ಹೆಚ್ಚು. ಇವನ್ನು ಬೆರೆಸಿದರೆ ಎಷ್ಟು ತಿರುಗುಮಣಿ ತಿರುಗಿಸಿದರೂ ಎಲ್ಲ ಗೇರೂ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಟ್ವಿಸ್ಟ್ ಇರುವ ಸೈಕಲ್ಲಿನ ಹಿಡಿ ಗಿಡ್ಡ, ಲಿವರಿಗೆ ಹೋಗುವಾಗ ಪೂರ್ತಿ ಉದ್ದದ ಹಿಡಿಯನ್ನೂ ಕೊಳ್ಳಬೇಕು. ಕೆಲವು ಸೈಕಲ್ಲುಗಳಲ್ಲಿ ಬ್ರೇಕೂ ಗೇರಿನ ಲಿವರೂ ಒಂದೇ ತುಂಡು, ಅಲ್ಲಿ ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕಾಗುತ್ತದೆ.

“21 ಗೇರು ಇದೆ” ಎಂಬ ಹೆಮ್ಮೆಯ ಲೆಕ್ಕವನ್ನೂ ಬಿಡಿಸಿ ನೋಡೋಣ. ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಇರುವ ಸೈಕಲ್ಲಿನಲ್ಲಿ 42ಕ್ಕೆ 28 ಹಾಕಿದರೂ, 24ಕ್ಕೆ 16 ಹಾಕಿದರೂ ಪೆಡಲಿನ ಒಂದು ಸುತ್ತಿಗೆ ಹಿಂಚಕ್ರ ಒಂದೂವರೆ ಸುತ್ತೇ. ಹೀಗೆ ಹಲವು ಗೇರುಗಳು ಒಂದರ ಮೇಲೊಂದು ಬೀಳುತ್ತವೆ. ಅತಿ ಹಗುರಕ್ಕೂ ಅತಿ ಭಾರಕ್ಕೂ ನಡುವಿನ ಅಂತರ ಮೂರೂವರೆ ಪಟ್ಟು. ಮುಂದೆ ಒಂದೇ ಚಕ್ರ, ಹಿಂದೆ 10ರಿಂದ 50 ಹಲ್ಲಿನ 12 ಚಕ್ರ ಇರುವ ಇಂದಿನ ಮೌಂಟನ್ ಬೈಕಿನಲ್ಲಿ ಆ ಅಂತರ ಐದು ಪಟ್ಟು. ಅಂಥದ್ದರಲ್ಲಿ ಮುಂದಿನ ಹಲ್ಲಿನ ಚಕ್ರ ಬದಲಿಸುವ ಎಡಗೈ ಶಿಫ್ಟರೇ ಇರುವುದಿಲ್ಲ.

ಸೈಕಲ್ಲು ಗುಡ್ಡದ್ದಾದ ಮಾತ್ರಕ್ಕೆ ಕಾಡೊಳಗೆ ಹೋಗಬಹುದು ಎಂಬ ನಂಬಿಕೆಯನ್ನೂ ಇಲ್ಲೇ ಅಳಿಸಬೇಕು. ಲಕ್ಕವಳ್ಳಿಯ ಆಚೀಚೆ ಹಬ್ಬಿರುವುದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಒಳಗೆ ಹೋಗುವುದು ಅಪರಾಧ, ಆನೆ ಎದುರಾದರೆ ಯಾವ ಗೇರೂ ಕಾಯುವುದಿಲ್ಲ.

ಕೊನೆಗೆ ಉಳಿಯುವುದು ಕೈ. ಹೆಬ್ಬೆರಳಿನ ಬುಡದಲ್ಲಿ ನೋವಿರುವವರಿಗೆ ಲಿವರ್ ಒತ್ತುವುದು ಶಿಕ್ಷೆ, ಅವರಿಗೆ ಟ್ವಿಸ್ಟ್ ಹಿತ. ಮಣಿಕಟ್ಟು ನೋಯುವವರಿಗೆ ಇದರ ತಿರುವುಮುರುವು. ಮಕ್ಕಳಿಗೆ ತಿರುಗಿಸುವುದೇ ಸುಲಭ ಎಂದು ಕೊಡಿಸುವ ತಂದೆತಾಯಿ ಎಡಗಡೆಯ, ಮುಂದಿನ ಹಲ್ಲಿನ ಚಕ್ರಗಳ ಶಿಫ್ಟರನ್ನು ಮಗುವಿನ ಕೈಯಲ್ಲೇ ತಿರುಗಿಸಿ ನೋಡಲಿ, ಅಗ್ಗದ ಮಾದರಿಗಳಲ್ಲಿ ಅದು ಎಂಟು ವರ್ಷದ ಕೈಗೆ ಬಗ್ಗುವುದೇ ಕಷ್ಟ. ಭದ್ರಾವತಿಯದೋ ಶಿವಮೊಗ್ಗದ್ದೋ ಅಂಗಡಿಯಲ್ಲಿ ಹಿಂಚಕ್ರ ಎತ್ತಿ ಹಿಡಿಸಿ, ಪೆಡಲ್ ತಿರುಗಿಸುತ್ತ ಎಲ್ಲ ಗೇರನ್ನೂ ಹೋಗಿ ಬಂದು ಮಾಡಿಸಿ. ಆಮೇಲೆ ಒಂದು ಲೋಟ ನೀರು ಕೇಳಿ, ಎರಡೂ ಅಂಗೈ ಒದ್ದೆ ಮಾಡಿಕೊಂಡು ಮತ್ತೊಮ್ಮೆ ನೀವೇ ಬದಲಿಸಿ ನೋಡಿ.