ಇಂಗ್ಲಿಷನ್ನು ನುಡಿದಂತೆ ಬರೆಯಬಹುದೇ? ಬರೆದರೂ ಯಾರು ನುಡಿದಂತೆ?

'ಬಿ-ಯು-ಟಿ ಬಟ್ ಆದರೆ, ಪಿ-ಯು-ಟಿ ಪಟ್ ಏಕಲ್ಲ?' ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಲಿತ ಬಹುತೇಕರಿಗೆ ಶಾಲೆಯಲ್ಲೇ ಎದುರಾದ ಪ್ರಶ್ನೆ ಇದು. 1975ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಚುಪ್ಕೆ ಚುಪ್ಕೆ'ಯಲ್ಲಿ ಧರ್ಮೇಂದ್ರ ಅವರ ಪಾತ್ರವೂ ಇಂಥದ್ದೇ ಪ್ರಶ್ನೆ ಕೇಳಿ ಪ್ರೇಕ್ಷಕರನ್ನು ನಗಿಸಿತ್ತು.

ಆದರೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಅಥವಾ ಲ್ಯಾಂಕಾಶೈರ್‌ನ ಹಳ್ಳಿಗೆ ಹೋಗಿ ಇದೇ ಪ್ರಶ್ನೆ ಕೇಳಿದರೆ ಅಲ್ಲಿನವರಿಗೆ ಅದು ಪ್ರಶ್ನೆಯಾಗಿಯೇ ಕಾಣದು. ಅವರ ಸ್ಥಳೀಯ ಮಾತಿನಲ್ಲಿ 'ಬಟ್' ಎಂಬುದು 'ಬುಟ್'. ಅದು 'ಪುಟ್' ಜತೆ ಸರಿಯಾಗಿ ಪ್ರಾಸವಾಗುತ್ತದೆ. 17ನೇ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಈ ಎರಡು ಸ್ವರಗಳು ಬೇರೆಬೇರೆಯಾದವು, ಉತ್ತರದಲ್ಲಿ ಆಗಲಿಲ್ಲ. ನಮ್ಮ ಶಾಲೆಗಳಿಗೆ ಬಂದದ್ದು ದಕ್ಷಿಣದ ಉಚ್ಚಾರ.

ಇಂಗ್ಲಿಷ್ ಸ್ಪೆಲ್ಲಿಂಗ್ ಸರಿಪಡಿಸಲು ಹೊರಟವರೆಲ್ಲ ಎಡವಿದ್ದು ಇಲ್ಲಿಯೇ. ನುಡಿದಂತೆ ಬರೆಯೋಣ ಎನ್ನುವುದು ಸುಲಭ. ಯಾರು ನುಡಿದಂತೆ ಎಂಬುದಕ್ಕೆ ಉತ್ತರ ಹೇಳುವುದು ಕಷ್ಟ.

ಈ ಗೊಂದಲ ಹುಟ್ಟಿದ್ದು ಹೇಗೆ?

ಇಂಗ್ಲಿಷ್‌ನಲ್ಲಿ ಇರುವುದು 26 ಅಕ್ಷರ. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರದಲ್ಲಿ ಸುಮಾರು 44 ಧ್ವನಿಗಳಿವೆ. ಅದರಲ್ಲಿ ಸುಮಾರು 20 ಸ್ವರಗಳು. ಅಷ್ಟನ್ನೂ ಐದು ಸ್ವರಾಕ್ಷರಗಳೇ ನಿಭಾಯಿಸಬೇಕು.

ಹಿಂದೆ ಇಂಗ್ಲೆಂಡಿನಲ್ಲಿ ಪ್ರದೇಶಕ್ಕೊಂದು ಬರವಣಿಗೆ ಇತ್ತು. ಉತ್ತರದವರು ತಮ್ಮ ಮಾತಿನಂತೆ, ದಕ್ಷಿಣದವರು ತಮ್ಮ ಮಾತಿನಂತೆ ಬರೆಯುತ್ತಿದ್ದರು. 1476ರಲ್ಲಿ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್‌ಟನ್‌ಗೆ ಇದೇ ತಲೆನೋವಾಯಿತು. ತಾನು ಮುದ್ರಿಸಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಆತ ಒಂದು ಪ್ರಸಂಗ ಹೇಳುತ್ತಾನೆ. ಕೆಂಟ್ ಪ್ರದೇಶದಲ್ಲಿ ಇಳಿದ ವ್ಯಾಪಾರಿಯೊಬ್ಬ ಮನೆಯೊಂದರಲ್ಲಿ 'ಎಗ್ಸ್' ಬೇಕೆಂದು ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಮೊಟ್ಟೆಗೆ ಅಲ್ಲಿನವರು 'ಐರೆನ್' ಎನ್ನುತ್ತಿದ್ದರು. ಎಲ್ಲರಿಗೂ ಅರ್ಥವಾಗುವಂತೆ ಮುದ್ರಿಸುವುದು ಹೇಗೆ ಎಂಬುದು ಕ್ಯಾಕ್ಸ್‌ಟನ್ನನ ಅಳಲು.

ಮುದ್ರಣ ಬಂದ ಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಒಂದು ರೂಪಕ್ಕೆ ಬಂತು. ಆದರೆ ಸರಿಸುಮಾರು 1400ರಿಂದ 1700ರ ನಡುವೆ ಇಂಗ್ಲಿಷ್‌ನ ದೀರ್ಘ ಸ್ವರಗಳ ಉಚ್ಚಾರವೇ ಬದಲಾಗುತ್ತಾ ಹೋಯಿತು. ಬರಹ ನಿಂತಿತು, ಬಾಯಿ ಮುಂದೆ ಹೋಯಿತು. 'ನೈಟ್' ಎಂಬ ಪದದ ಮೊದಲಿನ 'ಕೆ', ನಡುವಿನ 'ಜಿ-ಎಚ್' ಒಂದು ಕಾಲದಲ್ಲಿ ನಿಜಕ್ಕೂ ಉಚ್ಚರಿಸುತ್ತಿದ್ದ ಅಕ್ಷರಗಳೇ.

ಇನ್ನೂ ವಿಚಿತ್ರವೆಂದರೆ, ಕೆಲವು ಪದಗಳ ಸ್ಪೆಲ್ಲಿಂಗ್ ಒಂದು ಪ್ರದೇಶದ್ದು, ಉಚ್ಚಾರ ಇನ್ನೊಂದು ಪ್ರದೇಶದ್ದು. 'ಬಿಝಿ' ಪದವನ್ನು 'ಯು' ಹಾಕಿ ಬರೆಯುವುದು ಪಶ್ಚಿಮ ಭಾಗದ ಪದ್ಧತಿ, 'ಇ'ಕಾರದಿಂದ ಉಚ್ಚರಿಸುವುದು ಪೂರ್ವದ ರೂಢಿ. ಹೂಳುವುದು ಎಂಬ ಅರ್ಥದ 'ಬೆರಿ' ಪದದಲ್ಲೂ 'ಯು' ಇದೆ, ಅದರ 'ಎ'ಕಾರದ ಉಚ್ಚಾರ ಕೆಂಟ್ ಕಡೆಯದು. 'ಒನ್' ಪದದ ಸ್ಪೆಲ್ಲಿಂಗ್‌ನಲ್ಲಿ ಇಲ್ಲದ 'ವ'ಕಾರ ಬಾಯಲ್ಲಿ ಬಂದದ್ದೂ ಹೀಗೆಯೇ. ಅದೇ ಮೂಲದ 'ಅಲೋನ್', 'ಓನ್ಲಿ' ಪದಗಳಲ್ಲಿ ಹಳೆಯ ಉಚ್ಚಾರ ಉಳಿದುಕೊಂಡಿದೆ. ತಪ್ಪು ಎಂದು ನಾವು ನಗುವ ಎಷ್ಟೋ ಸ್ಪೆಲ್ಲಿಂಗ್‌ಗಳು ಹಳೆಯ ಪ್ರಾದೇಶಿಕ ನುಡಿಗಳ ಗುರುತುಗಳು.

ಹೊಸ ಲಿಪಿಗಳ ಸಾಲು

ಇದನ್ನು ಸರಿಪಡಿಸಲು ನಡೆದ ಪ್ರಯತ್ನಗಳು ಒಂದೆರಡಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1768ರಲ್ಲಿ ಆರು ಅಕ್ಷರಗಳನ್ನು ಕೈಬಿಟ್ಟು, ಆರು ಹೊಸ ಅಕ್ಷರಗಳನ್ನು ಸೇರಿಸಿ ಒಂದು ವರ್ಣಮಾಲೆ ರೂಪಿಸಿದರು. ಅವರ ಸ್ನೇಹಿತೆ ಪಾಲಿ ಸ್ಟೀವನ್‌ಸನ್ ಅದೇ ಲಿಪಿಯಲ್ಲಿ ಪತ್ರ ಬರೆದು, ಹೀಗೆ ಮಾಡಿದರೆ ಪದಗಳ ಮೂಲವೇ ಮರೆತುಹೋಗುತ್ತದೆ ಎಂದು ಆಕ್ಷೇಪಿಸಿದರು. ಯೋಜನೆ ಅಲ್ಲಿಗೇ ನಿಂತಿತು.

1850ರ ದಶಕದಲ್ಲಿ ಅಮೆರಿಕದ ಯೂಟಾ ಪ್ರದೇಶದ ಮಾರ್ಮನ್ ಸಮುದಾಯ 38 ಅಕ್ಷರಗಳ 'ಡೆಸರೆಟ್' ಲಿಪಿಯನ್ನು ತಂದಿತು. ಯುರೋಪಿನ ನಾನಾ ದೇಶಗಳಿಂದ ಬಂದವರು ಬೇಗ ಇಂಗ್ಲಿಷ್ ಕಲಿಯಲಿ ಎಂಬುದು ಒಂದು ಉದ್ದೇಶ. 1868ರಲ್ಲಿ ಶಾಲಾ ಪಠ್ಯಗಳೂ ಅಚ್ಚಾದವು. ಆದರೆ ಆ ಲಿಪಿಯಲ್ಲಿ ದಿನಚರಿ ಬರೆದವರು ತಂತಮ್ಮ ಊರಿನ ಉಚ್ಚಾರದಂತೆಯೇ ಬರೆದರು. ಭಾಷಾ ಸಂಶೋಧಕರಿಗೆ ಅದು ಈಗ ನಿಧಿ, ಒಂದೇ ಸ್ಪೆಲ್ಲಿಂಗ್ ಬಯಸಿದವರಿಗೆ ತೊಡಕು. ಚರ್ಚ್‌ನ ನಾಯಕ ಬ್ರಿಗಂ ಯಂಗ್ 1877ರಲ್ಲಿ ನಿಧನರಾದ ಮೇಲೆ ಈ ಲಿಪಿಯೂ ಮೂಲೆ ಸೇರಿತು.

ಅತ್ಯಂತ ಪ್ರಸಿದ್ಧ ಪ್ರಯತ್ನ ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ಅವರದು. ಉಚ್ಚಾರದ ಮೇಲೆ ಮನುಷ್ಯರನ್ನು ಅಳೆಯುವ ಸಮಾಜದ ಕಥೆಯೇ ಅವರ 'ಪಿಗ್ಮೇಲಿಯನ್'. ಪು.ಲ. ದೇಶಪಾಂಡೆ ಅದನ್ನು 'ತೀ ಫುಲರಾಣಿ' ಎಂದು ಮರಾಠಿಗೆ ತಂದದ್ದು ಮುಂಬೈ, ಪುಣೆಯ ಓದುಗರಿಗೆ ಗೊತ್ತಿರುವುದೇ. 1950ರಲ್ಲಿ ನಿಧನರಾದ ಶಾ, ಇಂಗ್ಲಿಷ್‌ಗೆ ಕನಿಷ್ಠ 40 ಅಕ್ಷರಗಳ ಹೊಸ ಲಿಪಿ ರೂಪಿಸಲು ಉಯಿಲಿನಲ್ಲಿ ಹಣ ಮೀಸಲಿಟ್ಟಿದ್ದರು. 1957ರಲ್ಲಿ ನ್ಯಾಯಾಲಯ ಆ ವ್ಯವಸ್ಥೆ ಊರ್ಜಿತವಲ್ಲ ಎಂದಿತು. ಬಳಿಕ ರಾಜಿಯಾಗಿ 8,300 ಪೌಂಡ್ ಸಿಕ್ಕಿ, ಸ್ಪರ್ಧೆ ನಡೆದು, 467 ಪ್ರವೇಶಗಳು ಬಂದವು. ನಾಲ್ವರು ಬಹುಮಾನ ಹಂಚಿಕೊಂಡರು. ಅವರಲ್ಲೊಬ್ಬರಾದ ಕಿಂಗ್ಸ್‌ಲಿ ರೀಡ್ ಅವರ ವಿನ್ಯಾಸ 48 ಅಕ್ಷರಗಳ 'ಶೇವಿಯನ್' ಲಿಪಿಯಾಯಿತು. ಶಾ ಅವರ 'ಆಂಡ್ರೊಕ್ಲಿಸ್ ಆ್ಯಂಡ್ ದ ಲಯನ್' ನಾಟಕ 1962ರಲ್ಲಿ ಆ ಲಿಪಿಯಲ್ಲಿ ಪ್ರಕಟವಾಯಿತು. ಅದಕ್ಕಿಂತ ಮುಂದೆ ಅದು ಹೆಚ್ಚು ದೂರ ಹೋಗಲಿಲ್ಲ.

ಉಯಿಲಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೊಸ ಲಿಪಿಗೆ ಆಧಾರವಾಗಬೇಕಾದ ಉಚ್ಚಾರ ಯಾವುದು ಎಂಬುದನ್ನೂ ಶಾ ಬರೆದಿಟ್ಟಿದ್ದರು. ಅದು ದೊರೆ ಐದನೇ ಜಾರ್ಜ್ ಅವರ ಉಚ್ಚಾರ. ಡಬ್ಲಿನ್‌ನಲ್ಲಿ ಹುಟ್ಟಿದ, ಐರಿಶ್ ಧಾಟಿಯಲ್ಲೇ ಇಂಗ್ಲಿಷ್ ಮಾತನಾಡುತ್ತಿದ್ದ ಶಾ ಕೂಡ ಕೊನೆಗೆ ಒಬ್ಬರ ಬಾಯಿಯನ್ನು ಆರಿಸಿಕೊಳ್ಳಲೇಬೇಕಾಯಿತು.

ಯಾರ ಬಾಯಿ ಅಳತೆಗೋಲು?

'ಕಾರ್', 'ಫಾರ್ಮ್' ಪದಗಳ 'ಆರ್' ಅಕ್ಷರವನ್ನು ಸ್ಕಾಟ್ಲೆಂಡ್, ಐರ್ಲೆಂಡ್ ಹಾಗೂ ಅಮೆರಿಕದ ಬಹುಪಾಲು ಜನ ಉಚ್ಚರಿಸುತ್ತಾರೆ. ಲಂಡನ್, ಆಸ್ಟ್ರೇಲಿಯಾ ಕಡೆ 'ಕಾ', 'ಫಾಮ್' ಎನ್ನುತ್ತಾರೆ. ಲಂಡನ್‌ನವರ ಪ್ರಕಾರ ಬರೆದರೆ ಅಮೆರಿಕನ್ನರ ಬಾಯಲ್ಲಿರುವ ಧ್ವನಿ ಪುಟದಿಂದ ಮಾಯ. 'ಆರ್' ಉಳಿಸಿದರೆ ಲಂಡನ್ ಮಗುವಿಗೆ ಅದು ಕಾರಣವಿಲ್ಲದೆ ನೆನಪಿಡಬೇಕಾದ ಅಕ್ಷರ. ಶೇವಿಯನ್ ಪುಸ್ತಕದಲ್ಲಿ 'ಆರ್' ಧ್ವನಿಯನ್ನು ಉಳಿಸಿಕೊಳ್ಳಲಾಯಿತು. ಅಂದರೆ ನುಡಿದಂತೆ ಬರೆಯುವ ಲಿಪಿಯೂ ಮೊದಲ ಪುಸ್ತಕದಲ್ಲೇ ರಾಜಿ ಮಾಡಿಕೊಂಡಿತ್ತು.

ಸ್ನಾನ ಎಂಬ ಅರ್ಥದ 'ಬಾತ್' ಪದದ ಸ್ವರ ದಕ್ಷಿಣ ಇಂಗ್ಲೆಂಡಿನಲ್ಲಿ ದೀರ್ಘ, ಉತ್ತರದಲ್ಲಿ ಹ್ರಸ್ವ. ಮಂಚ ಎಂಬ ಅರ್ಥದ 'ಕಾಟ್', ಹಿಡಿದ ಎಂಬ ಅರ್ಥದ 'ಕಾಟ್' ಲಂಡನ್‌ನಲ್ಲಿ ಬೇರೆಬೇರೆ ಉಚ್ಚಾರದವು. ಕೆನಡಾ, ಪಶ್ಚಿಮ ಅಮೆರಿಕ ಮತ್ತು ಸ್ಕಾಟ್ಲೆಂಡಿನ ಬಹುತೇಕರಿಗೆ ಎರಡೂ ಒಂದೇ. ಇನ್ನು ಭಾರತದ ಇಂಗ್ಲಿಷ್‌ನಲ್ಲಿ 'ವಿ' ಮತ್ತು 'ಡಬ್ಲ್ಯು' ಅಕ್ಷರಗಳಿಗೆ ಎಷ್ಟೋ ಮಂದಿಯ ಬಾಯಲ್ಲಿ ಇರುವುದು ಒಂದೇ ವಕಾರ. ನಾವು ನುಡಿದಂತೆ ಬರೆದರೆ ಬನಿಯನ್ ಎಂಬ ಅರ್ಥದ 'ವೆಸ್ಟ್', ಪಶ್ಚಿಮ ಎಂಬ ಅರ್ಥದ 'ವೆಸ್ಟ್' ಒಂದೇ ಆಗಿಬಿಡುತ್ತವೆ.

ಭಾಷಾತಜ್ಞ ಜಾನ್ ವೆಲ್ಸ್ 1982ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಅಧ್ಯಯನದಲ್ಲಿ ಇಂಗ್ಲಿಷ್ ಸ್ವರಗಳ ವ್ಯತ್ಯಾಸ ಹೋಲಿಸಲು 24 ಪದಗುಂಪುಗಳನ್ನು ಮಾಡಿಕೊಂಡರು. ಯಾವ ಗುಂಪು ಯಾವುದರ ಜತೆ ಬೆರೆಯುತ್ತದೆ ಎಂಬುದು ಊರಿಂದೂರಿಗೆ ಬೇರೆ. ಎಲ್ಲರ ಉಚ್ಚಾರಕ್ಕೂ ಅಕ್ಷರಕ್ಕೊಂದು ಧ್ವನಿಯಂತೆ ಹೊಂದುವ ಒಂದೇ ಸ್ಪೆಲ್ಲಿಂಗ್ ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ.

ಪ್ರದೇಶಕ್ಕೊಂದು ಸ್ಪೆಲ್ಲಿಂಗ್ ಆದರೆ?

ಹಾಗಿದ್ದರೆ ಅವರವರು ಅವರವರ ಮಾತಿನಂತೆ ಬರೆಯಲಿ ಎನ್ನಬಹುದು. ಸಾಹಿತ್ಯದಲ್ಲಿ ಇದು ನಡೆದಿದೆ. ರಾಬರ್ಟ್ ಬರ್ನ್ಸ್ 1786ರಲ್ಲೇ ಸ್ಕಾಟ್ಸ್ ನುಡಿಯ ಕವಿತೆಗಳನ್ನು ಪ್ರಕಟಿಸಿದರು. ಗ್ಲಾಸ್ಗೋದ ಮಾತಿನ ಲಯದಲ್ಲಿ ಬರೆದ ಜೇಮ್ಸ್ ಕೆಲ್ಮನ್ 1994ರ ಬೂಕರ್ ಪ್ರಶಸ್ತಿ ಪಡೆದರು. ಜಮೈಕಾದ 'ಪಟ್ವಾ'ಗೆ ಅದರದೇ ಧ್ವನಿಗಳನ್ನು ಆಧರಿಸಿದ ಬರವಣಿಗೆ ರೂಪುಗೊಂಡು, 2012ರಲ್ಲಿ ಬೈಬಲ್‌ನ ಹೊಸ ಒಡಂಬಡಿಕೆಯೂ ಹೊರಬಂತು. ಇಲ್ಲೆಲ್ಲ ಆ ನುಡಿಯ ಜನರೇ ತಮ್ಮ ಮಾತಿಗೆ ಗೌರವ ಬೇಕೆಂದು ಹಾಗೆ ಬರೆದರು.

ಬೇರೆಯವರು ಬರೆದಾಗ ಕಥೆ ಬೇರೆ. 'ವಾಸ್', 'ಸೇಸ್' ಪದಗಳನ್ನು ಬಹುತೇಕ ಇಂಗ್ಲಿಷರು 'ವಝ್', 'ಸೆಝ್' ಎಂದೇ ಉಚ್ಚರಿಸುತ್ತಾರೆ. ಆದರೆ ಕಾದಂಬರಿಯಲ್ಲಿ ಬಡವನ ಅಥವಾ ಹಳ್ಳಿಗನ ಮಾತು ಬಂದಾಗ ಮಾತ್ರ ಅವನ್ನು ಉಚ್ಚಾರದಂತೆ ಬರೆಯುವ ಚಾಳಿ ಇದೆ. ಪಾತ್ರ ಓದಿಲ್ಲದವನು ಎಂದು ಓದುಗನ ಕಣ್ಣಿಗೆ ಹೇಳುವುದಷ್ಟೇ ಅದರ ಕೆಲಸ. ದೊರೆಯ ಮಾತನ್ನೂ ಉಚ್ಚಾರದಂತೆ ಬರೆದರೆ ಅದೂ ಅಷ್ಟೇ ವಿಚಿತ್ರವಾಗಿ ಕಾಣುತ್ತದೆ. ಆದರೆ ಯಾರೂ ಹಾಗೆ ಬರೆಯುವುದಿಲ್ಲ.

ಕಾನೂನು, ಔಷಧದ ಚೀಟಿ, ನಿಘಂಟು, ಅಂತರ್ಜಾಲದ ಹುಡುಕಾಟ ಇವೆಲ್ಲ ನಡೆಯುವುದು ಒಂದು ಪದಕ್ಕೆ ಒಂದು ರೂಪ ಇರುವುದರಿಂದ. ಗ್ಲಾಸ್ಗೋದವರು, ಟೆಕ್ಸಾಸಿನವರು, ಚೆನ್ನೈನವರು ಒಬ್ಬರ ಮಾತು ಒಬ್ಬರಿಗೆ ತಕ್ಷಣ ಅರ್ಥವಾಗದಿದ್ದರೂ ಒಂದೇ ಪತ್ರಿಕೆಯನ್ನು ಓದಬಲ್ಲರು.

ಕನ್ನಡಕ್ಕೂ ಹೊಸತಲ್ಲ

ನಮ್ಮ ಲಿಪಿಗಳು ಧ್ವನಿಗೆ ಹತ್ತಿರ ಎಂಬುದು ನಿಜ. ಆದರೂ 'ಬ್ಯಾಂಕ್' ಎಂಬ ಒಂದೇ ಪದ ಹಿಂದಿ ಫಲಕದಲ್ಲಿ 'ಬೈಂಕ್' ಎಂಬ ಅಕ್ಷರಗಳಲ್ಲಿದೆ. ಮರಾಠಿಯಲ್ಲಿ ಬಕಾರದ ಮೇಲೆ ಅರ್ಧಚಂದ್ರ ಮತ್ತು ಬಿಂದು ಇರುತ್ತದೆ. ಕರಾವಳಿಯ ಹಳೆಯ ಬರಹಗಳಲ್ಲಿ 'ಬೇಂಕು' ಎಂದಿದೆ. ಎಲ್ಲರೂ ಕೇಳಿಸಿಕೊಂಡಂತೆಯೇ ಬರೆದಿದ್ದಾರೆ.

ಕನ್ನಡದ ಒಳಗೂ ಇದೇ ಚರ್ಚೆ ಇದೆ. ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣ ಬಳಸುವುದಿಲ್ಲ, ಬರಹದಲ್ಲೂ ಅವು ಬೇಡ ಎಂದು ವಾದಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ತಮ್ಮ ಹೆಸರನ್ನೇ 'ಶಂಕರ ಬಟ್' ಎಂದು ಬರೆದರು. ದೇವನೂರ ಮಹಾದೇವ 'ಕುಸುಮಬಾಲೆ'ಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದರು. ಇನ್ನೊಂದು ಕಡೆ, ಧಾರವಾಡದವರು 'ಹೊಂಟೀನಿ', ಮೈಸೂರಿನವರು 'ಹೊರಟಿದ್ದೀನಿ' ಎಂದರೂ ಪತ್ರಿಕೆಯಲ್ಲಿ ಇಬ್ಬರೂ ಓದುವುದು 'ಹೊರಟಿದ್ದೇನೆ'. ಅದು ಯಾರ ಮನೆಮಾತೂ ಅಲ್ಲ. ಕರಾವಳಿ, ಕಲಬುರಗಿ, ಮೈಸೂರು ಸೀಮೆಗಳಿಂದ ಹೊರಟು ಹೊರರಾಜ್ಯದ ಒಂದೇ ಕನ್ನಡ ಸಂಘದಲ್ಲಿ ಸೇರುವವರು ಒಂದೇ ಆಮಂತ್ರಣ ಪತ್ರಿಕೆ ಓದುವುದು ಈ ಬರಹದ ಕನ್ನಡದಿಂದಲೇ.

ಧ್ವನಿಲಿಪಿ ಗೆದ್ದದ್ದು ಎಲ್ಲಿ?

ಹಾಗೆಂದು ಹಳೆಯ ಸ್ಪೆಲ್ಲಿಂಗ್ ಪುಕ್ಕಟೆ ಅಲ್ಲ. ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 13 ಯುರೋಪಿಯನ್ ಭಾಷೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓದಿನ ಮೊದಲ ಮೆಟ್ಟಿಲು ದಾಟಲು ಇಂಗ್ಲಿಷ್ ಮಕ್ಕಳಿಗೆ, ಸರಳ ಸ್ಪೆಲ್ಲಿಂಗ್ ಇರುವ ಭಾಷೆಗಳ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಬೇಕು. ಈ ಹೊರೆ ಇಳಿಸಲು ಸರ್ ಜೇಮ್ಸ್ ಪಿಟ್‌ಮನ್ ರೂಪಿಸಿದ, ಸುಮಾರು 44 ಚಿಹ್ನೆಗಳ ಕಲಿಕಾ ಲಿಪಿಯನ್ನು 1961ರಿಂದ ಬ್ರಿಟಿಷ್ ಶಾಲೆಗಳಲ್ಲಿ ಪ್ರಯೋಗಿಸಲಾಯಿತು. ಮಕ್ಕಳು ಬೇಗ ಓದತೊಡಗಿದರು. ಆದರೆ ಸಾಮಾನ್ಯ ಸ್ಪೆಲ್ಲಿಂಗ್‌ಗೆ ಮರಳುವಾಗ ಹಲವರು ತಡವರಿಸಿದರು. ಲಿಪಿ ತಮ್ಮ ಊರಿನ ಉಚ್ಚಾರಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪವೂ ಬಂತು.

ಅವರ ಅಜ್ಜ ಐಸಾಕ್ ಪಿಟ್‌ಮನ್ 1837ರಲ್ಲಿ ತಂದ ಶಾರ್ಟ್‌ಹ್ಯಾಂಡ್ ಮಾತ್ರ ಜಗತ್ತನ್ನೇ ಗೆದ್ದಿತು. ಉಡುಪಿ, ಮಂಗಳೂರು ಕಡೆಯಿಂದ ಮುಂಬೈಗೆ ಬಂದ ಎಷ್ಟೋ ಕನ್ನಡಿಗರು ಅದನ್ನು ಕಲಿತು ಸ್ಟೆನೋ ಕೆಲಸಕ್ಕೆ ಸೇರಿದರು. ಅದು ಸ್ಪೆಲ್ಲಿಂಗ್ ಬಿಟ್ಟು ಧ್ವನಿಯನ್ನೇ ಬರೆಯುವ ಲಿಪಿ. ಊರೂರಿನ ಉಚ್ಚಾರ ಅದಕ್ಕೆ ಅಡ್ಡಿಯಾಗದಿರಲು ಒಂದು ಕಾರಣವಿದೆ. ಇಂಗ್ಲಿಷ್ ಊರಿಂದೂರಿಗೆ ಹೆಚ್ಚು ಬದಲಾಗುವುದು ಸ್ವರಗಳಲ್ಲಿ. ವೇಗವಾಗಿ ಬರೆಯುವ ಸ್ಟೆನೋ ಸ್ವರಗಳನ್ನು ಬಹುಮಟ್ಟಿಗೆ ಬಿಟ್ಟೇ ಬಿಡುತ್ತಾರೆ. ಉಳಿಯುವುದು ವ್ಯಂಜನಗಳ ಗೆರೆ, ಅದನ್ನು ಯಾರು ಬೇಕಾದರೂ ತಮ್ಮ ಉಚ್ಚಾರದಲ್ಲಿ ಓದಬಹುದು.

ಇನ್ನೊಂದು ಗೆಲುವು ಅಂತಾರಾಷ್ಟ್ರೀಯ ಧ್ವನಿಲಿಪಿಯದು. 1886ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಘವೊಂದು ಅದನ್ನು ರೂಪಿಸಿತು. ಇಂದು ನಿಘಂಟಿನಲ್ಲಿ ಪದದ ಪಕ್ಕ ಕಾಣುವ ಚಿಹ್ನೆಗಳು ಅವೇ. ಅದು ಸ್ಪೆಲ್ಲಿಂಗ್‌ನ ಜಾಗ ಕೇಳುವುದಿಲ್ಲ. ಒಂದೇ ಪದಕ್ಕೆ ಬ್ರಿಟಿಷ್, ಅಮೆರಿಕನ್ ಉಚ್ಚಾರಗಳನ್ನು ಅಕ್ಕಪಕ್ಕ ತೋರಿಸುತ್ತದೆ. ಯಾರ್ಕ್‌ಶೈರ್‌ನ 'ಬುಟ್' ಅನ್ನೂ ಅದರಲ್ಲಿ ಹಾಗೇ ದಾಖಲಿಸಬಹುದು.

ಮಾತನ್ನು ದಾಖಲಿಸಲು, ಉಚ್ಚಾರ ಕಲಿಸಲು ಧ್ವನಿಲಿಪಿ ಬೇಕು. ಎಲ್ಲರೂ ಓದುವ ಪುಟಕ್ಕೆ, ಯಾರ ಬಾಯಿಗೂ ಸೇರದ ಸ್ಪೆಲ್ಲಿಂಗ್ ಸಾಕು. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸುವಾಗ, 'ಪುಟ್' ಮತ್ತು 'ಬಟ್' ಏಕೆ ಬೇರೆಯಾದವು ಎಂಬ ಕಥೆಯನ್ನೂ ಹೇಳಿದರೆ ನೆನಪಿಡುವುದು ಸುಲಭವಾದೀತು. ತಪ್ಪು ತಮ್ಮ ನಾಲಗೆಯದ್ದಲ್ಲ ಎಂಬುದೂ ಅವರಿಗೆ ಗೊತ್ತಾದೀತು.